ನಾಣ್ಯ ಹಾಕಿಸಿದ್ದಕ್ಕೆ ಐದು ವರ್ಷ ಸೆರೆ: ನಾಡಪ್ರಭು ಕೆಂಪೇಗೌಡರ ಬದುಕಿನ ಮರೆತುಹೋದ ಅಧ್ಯಾಯ

ಕಬ್ಬಾಳು: ಕಬ್ಬಾಳಮ್ಮನ ಹುಂಡಿ ಚಿಲ್ಲರೆ ಇರಲಿ, ಗುಡಿ ಮುಂದಿನ ಹಣ್ಣು-ಕಾಯಿ ಅಂಗಡಿಯ ಗಲ್ಲಾಪೆಟ್ಟಿಗೆ ಇರಲಿ, ಎಣಿಸುವಾಗ ಒಮ್ಮೊಮ್ಮೆ ಬೇರೆ ಥರದ ಬಿಲ್ಲೆಯೊಂದು ಕೈಗೆ ಸಿಗುತ್ತದೆ. 5 ರೂಪಾಯಿ ಮೇಲೆ ಬಸವಣ್ಣನವರು ಇರುತ್ತಾರೆ. 2006ರಲ್ಲಿ ಕೇಂದ್ರ ಸರ್ಕಾರ ಹೊರತಂದ ಸ್ಮರಣಾರ್ಥ ನಾಣ್ಯ ಅದು. ತಂಜಾವೂರಿನ ಬೃಹದೀಶ್ವರ ಗುಡಿಗೆ ಸಾವಿರ ವರ್ಷ ತುಂಬಿದಾಗ, 2010ರಲ್ಲಿ, ಗುಡಿಯ ಚಿತ್ರ ಹೊತ್ತ ನಾಣ್ಯ ಬಂತು. 2023ರಲ್ಲಿ ಹೊಸ ಸಂಸತ್ ಭವನದ ನೆನಪಿಗೆ 75 ರೂಪಾಯಿ ನಾಣ್ಯ ಬಂತು. ಗೊತ್ತಿದ್ದವರು ಇಂಥವನ್ನು ಖರ್ಚು ಮಾಡದೆ ಎತ್ತಿಡುತ್ತಾರೆ.

ತಮ್ಮ ಸೀಮೆಯ ಗುಡಿಯೋ, ಮಹನೀಯರೋ ನಾಣ್ಯದ ಮೇಲೆ ಬಂದರೆ ಯಾರಿಗಾದರೂ ಹೆಮ್ಮೆ. ಆದರೆ ಯಾವ ಚಿತ್ರ ಬರಬೇಕು ಅನ್ನೋದನ್ನ ಸೀಮೆಯವರು ತೀರ್ಮಾನ ಮಾಡುವಂತಿಲ್ಲ. ಈಗ ಅದು ದೆಹಲಿಯ ಕೈಯಲ್ಲಿದೆ. ಐದು ನೂರು ವರ್ಷದ ಹಿಂದೆ ವಿಜಯನಗರದ ಕೈಯಲ್ಲಿತ್ತು. ಆ ಹಕ್ಕನ್ನು ತಾವೇ ತೆಗೆದುಕೊಂಡು, ಮನೆದೇವರ ಹೆಸರಲ್ಲಿ ನಾಣ್ಯ ಹಾಕಿಸಿ, ಅದಕ್ಕಾಗಿ ಐದು ವರ್ಷ ಸೆರೆಯಲ್ಲಿ ಕಳೆದವರು ನಾಡಪ್ರಭು ಕೆಂಪೇಗೌಡರು. ಬೆಂಗಳೂರು ಕಟ್ಟಿದ ಕಥೆ ಎಲ್ಲರಿಗೂ ಗೊತ್ತು. ನಾಣ್ಯದ ಕಥೆ ಗೊತ್ತಿರುವವರು ಕಡಿಮೆ.

ಭೈರವನ ಒಕ್ಕಲು

ಕೆಂಪೇಗೌಡರನ್ನು ಜನ ಮಾಗಡಿ ಕೆಂಪೇಗೌಡ ಅಂತಲೇ ಕರೆಯುತ್ತಾರೆ. ಆದರೆ ಅವರ ಕಾಲದಲ್ಲಿ ಮನೆತನದ ಗದ್ದುಗೆ ಇದ್ದದ್ದು ಯಲಹಂಕದಲ್ಲಿ. ಅವರು ಯಲಹಂಕ ನಾಡಪ್ರಭುಗಳ ವಂಶದವರು. ಹಿಂದೆ ಕಂಚಿ ಸೀಮೆಯ ಕಡೆಯಿಂದ ಬಂದ ಒಕ್ಕಲಿಗ ಕುಟುಂಬಗಳು ದೇವನಹಳ್ಳಿ ಬಳಿಯ ಆವತಿಯಲ್ಲಿ ನೆಲೆಸಿದವು, ಅಲ್ಲಿಂದ ಬೇರೆ ಬೇರೆ ಕವಲುಗಳು ಹರಡಿದವು, ಅದರಲ್ಲಿ ಒಂದು ಯಲಹಂಕಕ್ಕೆ ಬಂತು ಎಂಬುದು ಮನೆತನದ ಕಥೆ. ಭೈರವ ಅವರ ಮನೆದೇವರು. ಕೆಂಪ ಎಂಬ ಹೆಸರು ಕುಲದೇವತೆ ಕೆಂಪಮ್ಮನಿಂದ ಬಂದದ್ದು ಅಂತಾರೆ.

ತಂದೆ ಕೆಂಪನಂಜೇಗೌಡರು. ಹುಟ್ಟಿದ್ದು 1510ರಲ್ಲಿ ಎಂಬುದು ಪ್ರಚಲಿತ ಲೆಕ್ಕ. ಆಗ ವಿಜಯನಗರದಲ್ಲಿ ಕೃಷ್ಣದೇವರಾಯರು ಪಟ್ಟಕ್ಕೆ ಬಂದು ಹೆಚ್ಚು ಕಾಲ ಆಗಿರಲಿಲ್ಲ. ಹೆಸರಘಟ್ಟದ ಬಳಿಯ ಐಗೊಂಡಪುರದ ಗುರುಕುಲದಲ್ಲಿ ಓದಿದರು ಎಂದು ಹೇಳಿಕೆ ಇದೆ. ನಾಡಪ್ರಭು ಅಂದರೆ ಸ್ವತಂತ್ರ ರಾಜ ಅಲ್ಲ. ತನ್ನ ಸೀಮೆಯನ್ನು ನೋಡಿಕೊಂಡು, ಕಂದಾಯ ಎತ್ತಿ, ಚಕ್ರವರ್ತಿಗೆ ಕಪ್ಪ ಸಲ್ಲಿಸಿ, ಯುದ್ಧ ಬಂದರೆ ದಂಡು ಕಟ್ಟಿಕೊಂಡು ಹೋಗಬೇಕಾದವನು. ಮುಂದೆ ಆದದ್ದೆಲ್ಲ ಅರ್ಥ ಆಗಬೇಕಾದರೆ ಈ ಒಂದು ಮಾತು ನೆನಪಿರಬೇಕು.

ಪೇಟೆ ಕಟ್ಟಿದ ಪ್ರಭು

1537ರಲ್ಲಿ ಕೆಂಪೇಗೌಡರು ಬೆಂಗಳೂರಿನಲ್ಲಿ ಮಣ್ಣಿನ ಕೋಟೆ ಕಟ್ಟಿಸಿದರು. ಆಗ ವಿಜಯನಗರದಲ್ಲಿ ಅಚ್ಯುತರಾಯರ ಆಳ್ವಿಕೆ. ಈಗಿನ ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಜಾಗದಿಂದ ನಾಲ್ಕು ದಿಕ್ಕಿಗೆ ನಾಲ್ಕು ಜೋಡಿ ಎತ್ತು ಹೂಡಿ ನೇಗಿಲು ಹೊಡೆಸಿದರು, ಆ ಗೆರೆಗಳೇ ಬೀದಿಗಳಾದವು ಎಂಬ ಕಥೆ ಪ್ರಸಿದ್ಧ. ಉತ್ತರಕ್ಕೆ ಯಲಹಂಕ ಬಾಗಿಲು, ಪೂರ್ವಕ್ಕೆ ಹಲಸೂರು ಬಾಗಿಲು, ದಕ್ಷಿಣಕ್ಕೆ ಆನೇಕಲ್ ಬಾಗಿಲು, ಪಶ್ಚಿಮಕ್ಕೆ ಕೆಂಗೇರಿ ಬಾಗಿಲು. ನಮ್ಮ ಕಡೆಯಿಂದ ಹೋಗುವ ಗಾಡಿಗಳಿಗೆ ಹತ್ತಿರದ್ದು ಈ ಕೆಂಗೇರಿ ಬಾಗಿಲೇ.

ಕೋಟೆ ಬಾಗಿಲು ಕಟ್ಟಿದಷ್ಟೂ ಬೀಳುತ್ತಿತ್ತು, ಸೊಸೆ ಲಕ್ಷ್ಮೀದೇವಿ ತನ್ನ ಪ್ರಾಣವನ್ನೇ ಕೊಟ್ಟಳು, ಆಮೇಲೆ ನಿಂತಿತು ಎಂದು ಜನ ಹೇಳುತ್ತಾರೆ. ಅವಳ ಸಮಾಧಿ ಎನ್ನುವ ಜಾಗ ಕೋರಮಂಗಲದಲ್ಲಿದೆ.

ಕೋಟೆಗಿಂತ ದೊಡ್ಡ ಕೆಲಸ ಪೇಟೆಗಳದ್ದು. ಅಕ್ಕಿಗೆ ಅಕ್ಕಿಪೇಟೆ, ರಾಗಿಗೆ ರಾಗಿಪೇಟೆ, ಹತ್ತಿಗೆ ಅರಳೆಪೇಟೆ, ಬಳೆಗೆ ಬಳೇಪೇಟೆ, ದವಸಕ್ಕೆ ತರಗುಪೇಟೆ, ಎಣ್ಣೆ ಗಾಣದವರಿಗೆ ಗಾಣಿಗರಪೇಟೆ, ಮಡಕೆ ಮಾಡುವವರಿಗೆ ಕುಂಬಾರಪೇಟೆ. ಒಂದೊಂದು ಕಸುಬಿಗೆ ಒಂದೊಂದು ಬೀದಿ. ಅವುಗಳಲ್ಲಿ ಎಷ್ಟೋ ಹೆಸರು ಇವತ್ತಿಗೂ ಹಾಗೇ ಇವೆ. ನಮ್ಮ ತಾಲ್ಲೂಕಿನ ಅಂಗಡಿಯವರು ಸರಕು ತರೋಕೆ ಈಗಲೂ ಹೋಗುವುದು ಆ ಬೀದಿಗಳಿಗೇ.

ಊರಿಗೆ ನೀರು ಬೇಕು. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಕೆರೆಗಳು ಅವರ ಕಾಲದ ಕೆಲಸ ಎನ್ನುತ್ತಾರೆ. ಹಲಸೂರಿನ ಸೋಮೇಶ್ವರ, ಬಸವನಗುಡಿಯ ದೊಡ್ಡ ಬಸವನ ಗುಡಿ, ಗವಿ ಗಂಗಾಧರೇಶ್ವರ ಇವುಗಳ ಜೊತೆಗೂ ಅವರ ಹೆಸರು ಬೆಸೆದುಕೊಂಡಿದೆ. ಮೊರಸು ಒಕ್ಕಲಿಗ ಹೆಣ್ಣುಮಕ್ಕಳ ಎಡಗೈಯ ಕೊನೆಯ ಎರಡು ಬೆರಳು ಕತ್ತರಿಸುವ ಬಂಡಿದೇವರ ಪದ್ಧತಿಯನ್ನು ನಿಲ್ಲಿಸಿದವರೂ ಅವರೇ ಎಂದು ನೆನೆಯುತ್ತಾರೆ.

ಕೆಲಸ ನೋಡಿ ಮೆಚ್ಚಿದ ಅಚ್ಯುತರಾಯರು ಹಲಸೂರು, ಬೇಗೂರು, ವರ್ತೂರು, ಜಿಗಣಿ, ತಲಘಟ್ಟಪುರ, ಕೆಂಗೇರಿ, ಕುಂಬಳಗೋಡು, ಹೆಸರಘಟ್ಟ ಮುಂತಾದ ಹೋಬಳಿಗಳನ್ನು ಕೆಂಪೇಗೌಡರಿಗೆ ಬಿಟ್ಟುಕೊಟ್ಟರು. ಹಳೆಯ ದಾಖಲೆಗಳ ಪ್ರಕಾರ ಇವುಗಳ ವರ್ಷದ ಹುಟ್ಟುವಳಿ 30,000 ವರಹ. ಒಬ್ಬ ನಾಡಪ್ರಭುವಿಗೆ ಅದು ಸಣ್ಣ ಮೊತ್ತ ಅಲ್ಲ.

ಪೇಟೆಗೆ ಚಿಲ್ಲರೆ ಬೇಕು

ಆಗ ಓಡಾಡುತ್ತಿದ್ದ ದುಡ್ಡು ಹೇಗಿತ್ತು ನೋಡೋಣ. ಎಲ್ಲಕ್ಕಿಂತ ದೊಡ್ಡದು ಚಿನ್ನದ ವರಹ, ತೂಕ ಸುಮಾರು 3.4 ಗ್ರಾಂ. ಅದರ ಅರ್ಧ ಪ್ರತಾಪ. ಹತ್ತರಲ್ಲಿ ಒಂದು ಭಾಗ ಹಣ. ಇವತ್ತು ನಾವು ಎಲ್ಲ ದುಡ್ಡಿಗೂ ಹಣ ಅಂತೀವಲ್ಲ, ಅದು ಮೊದಲು ಬೆರಳ ತುದಿಯಲ್ಲಿ ಕೂರುವಷ್ಟು ಚಿಕ್ಕ ಚಿನ್ನದ ನಾಣ್ಯದ ಹೆಸರು. ಅದಕ್ಕೂ ಕೆಳಗೆ ಬೆಳ್ಳಿಯ ತಾರ, ತಾಮ್ರದ ಕಾಸು.

ನಾಣ್ಯದ ಮೇಲೆ ದೇವರ ಚಿತ್ರ, ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ ರಾಜನ ಹೆಸರು. ಕೃಷ್ಣದೇವರಾಯರ ನಾಣ್ಯದಲ್ಲಿ ಬಾಲಕೃಷ್ಣ. ಅಚ್ಯುತರಾಯರ ನಾಣ್ಯದಲ್ಲಿ ಗಂಡಭೇರುಂಡ. ಅಂದರೆ ಬೆಂಗಳೂರು ಕೋಟೆ ಏಳುತ್ತಿದ್ದಾಗ ಚಲಾವಣೆಗೆ ಬರುತ್ತಿದ್ದ ಹೊಸ ವರಹದ ಮೇಲೆ, ಇವತ್ತು ಕರ್ನಾಟಕ ಸರ್ಕಾರದ ಲಾಂಛನದಲ್ಲಿರುವ ಅದೇ ಎರಡು ತಲೆಯ ಹಕ್ಕಿ ಇತ್ತು.

ಮಾಗಡಿ ಕಡೆಯ ರೈತ ಎರಡು ಮೂಟೆ ರಾಗಿ ತಂದು ಮಾರಿದರೆ ಅವನಿಗೆ ವರಹ ಕೊಡೋಕೆ ಆಗಲ್ಲ. ಬಳೆಗಾರ, ಕುಂಬಾರ, ಗಾಣಿಗ ಇವರದ್ದೆಲ್ಲ ಸಣ್ಣ ವ್ಯಾಪಾರ. ನೂರಾರು ಕಿಲೋಮೀಟರ್ ದೂರದ ಟಂಕಸಾಲೆಯಿಂದ ಬರುವ ನಾಣ್ಯವನ್ನೇ ನಂಬಿಕೊಂಡು ಹೊಸ ಪೇಟೆ ನಡೆಸೋದು ಎಷ್ಟು ಕಷ್ಟ ಅನ್ನೋದು ಬೆಳಗ್ಗೆ ಹೊತ್ತು ಚಿಲ್ಲರೆಗೆ ಪರದಾಡುವ ಯಾವ ಅಂಗಡಿಯವರಿಗೂ ಬಿಡಿಸಿ ಹೇಳಬೇಕಿಲ್ಲ.

ಕೆಂಪೇಗೌಡರು ತಮ್ಮದೇ ಟಂಕಸಾಲೆ ಮಾಡಿದರು. ಮನೆದೇವರ ಹೆಸರಲ್ಲಿ ನಾಣ್ಯ ಹಾಕಿಸಿದರು. ಅದನ್ನೇ ಭೈರವ ನಾಣ್ಯ, ಭೈರೇದೇವರ ನಾಣ್ಯ ಎಂದು ಹೇಳುತ್ತಾ ಬಂದಿದ್ದಾರೆ. ಚಕ್ರವರ್ತಿಯ ಅಪ್ಪಣೆ ಮಾತ್ರ ತೆಗೆದುಕೊಂಡಿರಲಿಲ್ಲ.

ದೂರು ಹೋಯಿತು

ಅಷ್ಟು ಹೊತ್ತಿಗೆ ಅಚ್ಯುತರಾಯರು ಇರಲಿಲ್ಲ. 1542ರಲ್ಲಿ ಅವರು ತೀರಿಕೊಂಡ ಮೇಲೆ ಸ್ವಲ್ಪ ಕಾಲ ಗದ್ದುಗೆಗಾಗಿ ಕಿತ್ತಾಟ ನಡೆದು, ಕೊನೆಗೆ ಸದಾಶಿವರಾಯರು ಪಟ್ಟಕ್ಕೆ ಬಂದರು. ಹೆಸರಿಗೆ ಅವರು ದೊರೆ, ಅಧಿಕಾರ ಪೂರ್ತಿ ಅಳಿಯ ರಾಮರಾಯರ ಕೈಯಲ್ಲಿ. ಹೊಸಬರ ಕೈಗೆ ಅಧಿಕಾರ ಹೋದಾಗ ಹಳಬರ ಮೇಲೆ ಕಣ್ಣು ಬೀಳುವುದು ಎಲ್ಲ ಕಾಲದಲ್ಲೂ ಇದ್ದದ್ದೇ. ಯಲಹಂಕದ ಪ್ರಭು ಕೋಟೆ ಕಟ್ಟಿದ್ದಾನೆ, ಪೇಟೆ ಬೆಳೆಸಿದ್ದಾನೆ, ಈಗ ನಾಣ್ಯವನ್ನೂ ಹಾಕಿಸುತ್ತಿದ್ದಾನೆ ಎಂಬ ದೂರು ರಾಜಧಾನಿಗೆ ಮುಟ್ಟಿತು.

ಕೋಟೆ ಕಟ್ಟಿದರೆ ಸೀಮೆ ಕಾಯೋಕೆ ಅನ್ನಬಹುದು. ಕೆರೆ ಕಟ್ಟಿದರೆ ಪುಣ್ಯ ಅನ್ನಬಹುದು. ನಾಣ್ಯಕ್ಕೆ ಹಾಗೆ ಹೇಳಿಕೊಳ್ಳೋಕೆ ಬರಲ್ಲ. ಸೀಮೆಯಲ್ಲಿ ಯಾರ ನಾಣ್ಯ ನಡೆಯುತ್ತೋ ಅವನೇ ಅಲ್ಲಿ ದೊರೆ ಎಂಬುದು ಆ ಕಾಲದ ಲೆಕ್ಕ. ಭೈರವನ ಹೆಸರು ಹಾಕಿದ್ದರೂ ಹಾಕಿಸಿದವರು ಯಾರು ಅನ್ನೋದು ಎಲ್ಲರಿಗೂ ಗೊತ್ತಿತ್ತು.

ಕೆಂಪೇಗೌಡರನ್ನು ರಾಜಧಾನಿಗೆ ಕರೆಸಿ ಸೆರೆಯಲ್ಲಿಟ್ಟರು. ತುಂಗಭದ್ರೆ ದಡದ ಆನೆಗೊಂದಿಯಲ್ಲಿ ಐದು ವರ್ಷ ಇದ್ದರು ಎಂಬುದು ಬಾಯಿಂದ ಬಾಯಿಗೆ ಬಂದ ಮಾತು. ಸೀಮೆಯನ್ನೂ ಮುಟ್ಟುಗೋಲು ಹಾಕಿಕೊಂಡರು. ಕಟ್ಟಿಸಿದ ಊರು, ಪೇಟೆ, ಕೆರೆ ಎಲ್ಲ ಬೇರೆಯವರ ಕೈಗೆ ಹೋಯಿತು.

ಚನ್ನಪಟ್ಟಣದ ಮೇಲಿನ ಅಪವಾದ

ಈ ಕಥೆಯಲ್ಲಿ ಚನ್ನಪಟ್ಟಣದ ಹೆಸರೂ ಬರುತ್ತದೆ. ಹೊಟ್ಟೆಕಿಚ್ಚಿನಿಂದ ದೂರು ಕೊಟ್ಟವರು ಚನ್ನಪಟ್ಟಣದ ಪಾಳೆಯಗಾರ ಜಗದೇವರಾಯರು, ಮುಟ್ಟುಗೋಲಾದ ಸೀಮೆ ಸಿಕ್ಕಿದ್ದೂ ಅವರಿಗೇ ಎಂದು ಹಳೆಯ ಕಥನಗಳು ಹೇಳುತ್ತವೆ. ನಾಟಕಗಳಲ್ಲೂ ಅವರನ್ನು ಖಳನಾಯಕನಾಗಿ ತೋರಿಸುವುದುಂಟು.

ಆದರೆ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ತಾಳೆ ಆಗುವುದಿಲ್ಲ. ಜಗದೇವರಾಯರಿಗೆ ಹೆಸರು ಬಂದದ್ದು 1577ರ ಸುಮಾರಿಗೆ, ಬಿಜಾಪುರದ ಸೈನ್ಯ ಪೆನುಕೊಂಡೆಯನ್ನು ಮುತ್ತಿದಾಗ ಅದನ್ನು ಕಾಪಾಡಿದ್ದಕ್ಕೆ. ಆ ಸಾಹಸಕ್ಕೆ ಸಿಕ್ಕ ಬಹುಮಾನದ ಸೀಮೆಯಿಂದಲೇ ಚನ್ನಪಟ್ಟಣದ ಆಳ್ವಿಕೆ ಶುರುವಾದದ್ದು. ಕೆಂಪೇಗೌಡರು ತೀರಿಕೊಂಡದ್ದು 1569ರಲ್ಲಿ. ಹಾಗಾಗಿ ದೂರು ಕೊಟ್ಟ ಅಪವಾದವನ್ನು ಕಣ್ಣು ಮುಚ್ಚಿಕೊಂಡು ಚನ್ನಪಟ್ಟಣದ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಮುಂದಿನ ತಲೆಮಾರುಗಳ ನಡುವೆ ಇದ್ದ ಪೈಪೋಟಿ ಹಿಂದಿನ ಕಥೆಗೆ ಸೇರಿಕೊಂಡಿರುವ ಸಾಧ್ಯತೆಯೇ ಹೆಚ್ಚು.

ಬಿಡುಗಡೆ ಮತ್ತು ಗವಿಯ ಗುಡಿ

ಐದು ವರ್ಷದ ಮೇಲೆ ದೊಡ್ಡ ಮೊತ್ತದ ದಂಡ ಕಟ್ಟಿಸಿಕೊಂಡು ಕೆಂಪೇಗೌಡರನ್ನು ಬಿಟ್ಟರು. ಸೀಮೆಯೂ ವಾಪಸ್ ಬಂತು. ಸೆರೆಯಿಂದ ಹೊರಬಂದ ಸಂತೋಷಕ್ಕೆ ಗವಿ ಗಂಗಾಧರೇಶ್ವರ ಗುಡಿಯ ಜೀರ್ಣೋದ್ಧಾರ ಮಾಡಿಸಿದರು ಎಂದು ಪ್ರತೀತಿ. ಸಂಕ್ರಾಂತಿಯ ದಿನ ಸಂಜೆ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ಪ್ರತಿ ವರ್ಷ ಟಿವಿಯಲ್ಲಿ ನೋಡುತ್ತೇವಲ್ಲ, ಅದೇ ಗುಡಿ.

ವಾಪಸ್ ಬಂದ ಮೇಲೆ ಅವರು ಮತ್ತೆ ನಾಣ್ಯ ಹಾಕಿಸಿದ ಮಾತು ಯಾವ ಕಥೆಯಲ್ಲೂ ಕೇಳಿಬರುವುದಿಲ್ಲ. ಕೆರೆ, ಗುಡಿ, ಪೇಟೆ ಕಥೆಗಳೇ ಮುಂದುವರಿಯುತ್ತವೆ.

ತಪ್ಪು ಅನ್ನಿಸಿದ್ದು ಆಮೇಲೆ ಮಾಮೂಲಾಯಿತು

1565ರ ಜನವರಿಯಲ್ಲಿ ತಾಳಿಕೋಟೆ ಯುದ್ಧ. ರಾಮರಾಯರು ಸತ್ತರು, ಹಂಪಿ ಹಾಳಾಯಿತು, ರಾಜಧಾನಿ ಪೆನುಕೊಂಡೆಗೆ ಹೋಯಿತು. ಅದಾದ ಮೇಲೆ ನಾಣ್ಯದ ಕಾನೂನು ಕೇಳುವವರೇ ಇಲ್ಲವಾದರು.

ಕೆಳದಿ ನಾಯಕರು ಉಮಾಮಹೇಶ್ವರರ ಚಿತ್ರ ಹಾಕಿ ಇಕ್ಕೇರಿ ವರಹ ತಂದರು. ಆ ನಾಣ್ಯಕ್ಕೆ ಎಷ್ಟು ನಂಬಿಕೆ ಬಂತೆಂದರೆ, ಮುಂದೆ ಹೈದರಾಲಿ ಬಿದನೂರು ಗೆದ್ದ ಮೇಲೂ ಶಿವ-ಪಾರ್ವತಿ ಚಿತ್ರ ತೆಗೆಸಲಿಲ್ಲ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಪರ್ಷಿಯನ್ ಲಿಪಿಯಲ್ಲಿ ಹಾಕಿಸಿ ಅದನ್ನೇ ಚಲಾವಣೆಗೆ ಬಿಟ್ಟ. ಶ್ರೀರಂಗಪಟ್ಟಣದಲ್ಲಿ 1638ರಲ್ಲಿ ಪಟ್ಟಕ್ಕೆ ಬಂದ ಕಂಠೀರವ ನರಸರಾಜ ಒಡೆಯರು ನರಸಿಂಹನ ಚಿತ್ರದ ಪುಟ್ಟ ಚಿನ್ನದ ನಾಣ್ಯ ಹಾಕಿಸಿದರು. ಅದೇ ಹೆಸರಾಂತ ಕಂಠೀರಾಯ ಹಣ. ಇವರ್ಯಾರನ್ನೂ ಆನೆಗೊಂದಿಗೆ ಎಳೆದುಕೊಂಡು ಹೋಗಲಿಲ್ಲ.

ಕೆಂಪೇಗೌಡರು ಮಾಡಿದ್ದೂ ಅದನ್ನೇ. ಮಾಡಿದ್ದು ಸಾಮ್ರಾಜ್ಯ ಗಟ್ಟಿಯಾಗಿದ್ದಾಗ, ಅಷ್ಟೇ ವ್ಯತ್ಯಾಸ. ಇನ್ನೊಂದು ತಲೆಮಾರು ಕಾದಿದ್ದರೆ ಅದು ಅಪರಾಧವೇ ಆಗುತ್ತಿರಲಿಲ್ಲ. ಆದರೆ ಪೇಟೆಯವರಿಗೆ ಚಿಲ್ಲರೆ ಬೇಕಿದ್ದದ್ದು ಅವತ್ತು.

ಕೆಂಪಾಪುರದ ಕಲ್ಲು

ಕೆಂಪೇಗೌಡರ ಕೊನೆ ಎಲ್ಲಿ ಆಯಿತು ಅನ್ನೋದು ಬಹಳ ಕಾಲ ಜನಕ್ಕೆ ಗೊತ್ತಿರಲಿಲ್ಲ. 2015ರಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಒಂದು ಸಮಾಧಿಯೂ ಅದರ ಕಲ್ಲುಬರಹವೂ ಬೆಳಕಿಗೆ ಬಂದವು. ಹಿರಿಯ ಕೆಂಪೇಗೌಡರು ಅಲ್ಲೇ ಮಡಿದರು ಎಂದು ಆ ಬರಹವನ್ನು ಓದಿದ ಮೇಲೆ ಊರಿನ ಹೆಸರು ನಾಡಿಗೆಲ್ಲ ತಿಳಿಯಿತು. ಅಲ್ಲಿಯವರೆಗೆ ಬೆಂಗಳೂರಿನ ಆಸ್ತಿ ಎಂಬಂತೆ ಇದ್ದ ಹೆಸರು ಮತ್ತೆ ಮಾಗಡಿಗೆ ಅಂಟಿಕೊಂಡಿತು.

ಅವರ ನಂತರದವರ ಕಥೆ ಪೂರ್ತಿ ನಮ್ಮ ಸೀಮೆಯದ್ದೇ. 1638ರಲ್ಲಿ ಬಿಜಾಪುರದ ದಂಡು ಬೆಂಗಳೂರನ್ನು ಹಿಡಿದ ಮೇಲೆ ಇಮ್ಮಡಿ ಕೆಂಪೇಗೌಡರು ಮಾಗಡಿಗೆ ಬಂದು ನಿಂತರು. ಸಾವನದುರ್ಗ ಅವರಿಗೆ ಬೆನ್ನಿಗಿದ್ದ ಬಲ. ಬೆಂಗಳೂರಿನ ಸುತ್ತಲಿನ ನವದುರ್ಗಗಳಲ್ಲಿ ಸಾವನದುರ್ಗ, ಕೂಡೂರು ಕಡೆಯ ಭೈರವದುರ್ಗ, ನಮ್ಮ ಕಬ್ಬಾಳದುರ್ಗ ಮೂರೂ ಈ ನಾಲ್ಕು ತಾಲ್ಲೂಕುಗಳಲ್ಲೇ ಇವೆ. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಮಾಗಡಿಯನ್ನೂ ಸಾವನದುರ್ಗವನ್ನೂ ಗೆದ್ದಾಗ ಕೊನೆಯ ಪ್ರಭುವನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಅವರು ಅಲ್ಲೇ ತೀರಿಕೊಂಡರು. ಹಿರಿಯರಿಗೆ ಸೆರೆಯಿಂದ ಬಿಡುಗಡೆ ಸಿಕ್ಕಿತ್ತು, ಕೊನೆಯವರಿಗೆ ಸಿಗಲಿಲ್ಲ.

ನಾಣ್ಯದ ಮೇಲೆ ತಮ್ಮ ಹೆಸರು ಬಿಟ್ಟು ದೇವರ ಹೆಸರು ಹಾಕಿಸಿದವರಿಗೆ ಆಮೇಲೆ ಬಂದವರು ಲೋಹದಲ್ಲೇ ರೂಪ ಕೊಟ್ಟರು. ಶಿವಗಂಗೆಯ ಗಂಗಾಧರೇಶ್ವರ ಗುಡಿಯಲ್ಲಿ 1609ರದ್ದು ಎನ್ನುವ ಲೋಹದ ಪ್ರತಿಮೆ ಇದೆ. 2013ರಲ್ಲಿ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಅವರ ಹೆಸರಿಟ್ಟರು. 2022ರ ನವೆಂಬರ್ 11ರಂದು ಅಲ್ಲೇ 108 ಅಡಿ ಎತ್ತರದ ಕಂಚಿನ ಪ್ರತಿಮೆ ಅನಾವರಣ ಆಯಿತು. ಪ್ರತಿ ವರ್ಷ ಜೂನ್ 27ರಂದು ಸರ್ಕಾರ ಅವರ ಜಯಂತಿ ಮಾಡುತ್ತದೆ.

ನಾಣ್ಯ ಎತ್ತಿಡುವವರು ಇಷ್ಟು ತಿಳಿದಿರಲಿ

ಕೆಂಪೇಗೌಡರ ಕಾಲದ ಕಾನೂನು ಒಂದು ರೀತಿಯಲ್ಲಿ ಇವತ್ತಿಗೂ ಹಾಗೇ ಇದೆ. 2011ರ ನಾಣ್ಯ ಕಾಯ್ದೆ ಪ್ರಕಾರ ನಾಣ್ಯ ಹಾಕಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಮಾತ್ರ. ಮುಂಬೈ, ಕೋಲ್ಕತ್ತಾ, ಹೈದರಾಬಾದ್, ನೋಯ್ಡಾದ ಟಂಕಸಾಲೆಗಳಲ್ಲಿ ಮಾತ್ರ ನಾಣ್ಯ ತಯಾರಾಗುತ್ತದೆ. ಸಂಘ-ಸಂಸ್ಥೆಗಳು ಮಹನೀಯರ ಚಿತ್ರ ಹಾಕಿ ಮಾಡಿಸುವ ಬೆಳ್ಳಿ ಬಿಲ್ಲೆ ನೆನಪಿನ ಪದಕ ಅಷ್ಟೇ, ನಾಣ್ಯ ಅಲ್ಲ. ಅದರ ಮೇಲೆ ರೂಪಾಯಿ ಬೆಲೆ ಇರುವಂತಿಲ್ಲ.

75, 100, 1000 ರೂಪಾಯಿಯ ಸ್ಮರಣಾರ್ಥ ನಾಣ್ಯಗಳು ಚಲಾವಣೆಗೆ ಬರುವುದಿಲ್ಲ. ಸಂಗ್ರಹಕಾರರಿಗಾಗಿ ಸರ್ಕಾರಿ ಟಂಕಸಾಲೆ ಅದನ್ನು ಮುಖಬೆಲೆಗಿಂತ ಹೆಚ್ಚಿನ ದರಕ್ಕೆ ಮಾರುತ್ತದೆ. ಆದರೆ 5, 10 ರೂಪಾಯಿಯವು ಮಾಮೂಲಿ ನಾಣ್ಯಗಳ ಜೊತೆ ಓಡಾಡುತ್ತವೆ. 10 ರೂಪಾಯಿ ನಾಣ್ಯದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟ ಮಾಡಿದೆ. ಚಿತ್ರ ಬೇರೆ ಇದೆ ಅಂತ ಅಂಗಡಿಯಲ್ಲಿ ಬೇಡ ಅನ್ನಬಾರದು.

ಬಸವಣ್ಣನವರ 5 ರೂಪಾಯಿಗೆ ಲಕ್ಷ ಕೊಡ್ತೀವಿ, ಮೊದಲು ಕಮಿಷನ್ ಕಟ್ಟಿ ಎಂದು ಫೋನ್ ಮಾಡುವವರನ್ನು ನಂಬಬೇಡಿ. ಹಳೆ ನಾಣ್ಯ, ನೋಟು ಕೊಳ್ಳುತ್ತೇವೆ ಎಂದು ತನ್ನ ಹೆಸರು ಹೇಳಿಕೊಂಡು ಮೋಸ ಮಾಡುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ಭೈರವ ನಾಣ್ಯ ಅಂತ ಹೇಳಿ ಜಾತ್ರೆಯಲ್ಲಿ ಯಾರಾದರೂ ತಾಮ್ರದ ಬಿಲ್ಲೆ ಮಾರಿದರೂ ಅಷ್ಟೇ. ಎಲ್ಲಿ ಸಿಕ್ಕಿತು, ತೂಕ ಎಷ್ಟು, ಮೇಲಿನ ಅಕ್ಷರ ಏನು ಎಂಬ ಮೂರಕ್ಕೂ ಉತ್ತರ ಇಲ್ಲದ ನಾಣ್ಯಕ್ಕೆ ದುಡ್ಡು ಕೊಡಬೇಡಿ.

ಮಾಗಡಿ, ಕನಕಪುರದ ಹೊಲಗಳಲ್ಲಿ ಉಳುವಾಗಲೋ, ಪಾಯ ತೆಗೆಯುವಾಗಲೋ ಹಳೆಯ ನಾಣ್ಯ ಸಿಕ್ಕರೆ ಅದನ್ನು ಅಕ್ಕಸಾಲಿಗರ ಹತ್ತಿರ ಕರಗಿಸಲು ಕೊಡಬಾರದು. ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ತಹಶೀಲ್ದಾರ್ ಕಚೇರಿಯಲ್ಲಿ ಹೇಳಿದರೂ ವಿಷಯ ಅಲ್ಲಿಗೆ ಮುಟ್ಟುತ್ತದೆ. ಕೆಂಪಾಪುರದ ಕಲ್ಲು ಊರಿನವರ ಕಣ್ಣೆದುರೇ ಇತ್ತು, ಓದುವವರು ಬಂದ ಮೇಲೆ ಅದರ ಬೆಲೆ ಗೊತ್ತಾಯಿತು. ಮಣ್ಣಲ್ಲಿ ಸಿಗುವ ಒಂದು ಸಣ್ಣ ಬಿಲ್ಲೆಗೂ ಹಾಗೆ ಓದಿಸಿಕೊಳ್ಳುವ ಅವಕಾಶ ಸಿಗಬೇಕು. ಒಬ್ಬರು ಐದು ವರ್ಷ ಸೆರೆಯಲ್ಲಿದ್ದದ್ದು ಅಂಥದ್ದೇ ಬಿಲ್ಲೆಗಾಗಿ.